ಕಚೇರಿ ದೂರವಾಣಿಯ ದಿಡ್ಡಿ ಬಾಗಿಲು: ಕೀಲಿಕೈ ಯಾರ ಬಳಿ?

ಕಚೇರಿಯ ಫೋನಿನ ಡಯಲ್‌ಗೆ ಪುಟ್ಟದೊಂದು ಬೀಗ ಜಡಿಯುವ ಪದ್ಧತಿ ಒಂದು ಕಾಲದಲ್ಲಿ ಎಲ್ಲೆಡೆ ಇತ್ತು. ಬೀಗದ ಕೈ ಮ್ಯಾನೇಜರರ ಮೇಜಿನ ಖಾನೆಯಲ್ಲಿ ಭದ್ರವಾಗಿರುತ್ತಿತ್ತು. ಸಿಬ್ಬಂದಿ ಕದ್ದುಮುಚ್ಚಿ ಎಸ್‌ಟಿಡಿ ಕರೆ ಮಾಡಿ ಬಿಲ್ ಏರಿಸಿಯಾರು ಎಂಬ ಆತಂಕವೇ ಇದಕ್ಕೆ ಕಾರಣ. ಡಯಲ್ ಹೋಯಿತು, ಅದರೊಂದಿಗೆ ಬೀಗವೂ ಹೋಯಿತು. ಆದರೆ ಅಪಾಯ ಮಾತ್ರ ಹೋಗಿಲ್ಲ. ಅದು ಕಚೇರಿಯ ಒಳಗಿನಿಂದ ಸಾವಿರಾರು ಮೈಲಿ ಆಚೆಗೆ ಸ್ಥಳಾಂತರಗೊಂಡಿದೆ, ಅಷ್ಟೆ.

2025ರ ಆಗಸ್ಟ್ ತಿಂಗಳ ಕೊನೆಯ ವಾರದಲ್ಲಿ ನಡೆದ ಒಂದು ಬೆಳವಣಿಗೆ ಇದನ್ನು ಮತ್ತೊಮ್ಮೆ ಸಾಬೀತುಪಡಿಸಿತು. ಸಣ್ಣ ಹಾಗೂ ಮಧ್ಯಮ ಗಾತ್ರದ ಕಚೇರಿಗಳು ವ್ಯಾಪಕವಾಗಿ ಬಳಸುವ ‘ಫ್ರೀಪಿಬಿಎಕ್ಸ್’ ಎಂಬ ದೂರವಾಣಿ ತಂತ್ರಾಂಶಕ್ಕೆ ದುಷ್ಕರ್ಮಿಗಳು ನುಗ್ಗುತ್ತಿದ್ದಾರೆ ಎಂದು ಅದನ್ನು ನಿರ್ವಹಿಸುವ ಸಂಗೋಮಾ ಸಂಸ್ಥೆ ಎಚ್ಚರಿಕೆ ನೀಡಿತು. ದಾಳಿ ಆಗಸ್ಟ್ 21ರ ಹೊತ್ತಿಗಾಗಲೇ ಆರಂಭವಾಗಿತ್ತು. ತಂತ್ರಾಂಶದ ಒಂದು ಘಟಕದಲ್ಲಿದ್ದ ದೋಷದಿಂದಾಗಿ ಪಾಸ್‌ವರ್ಡ್ ಇಲ್ಲದೆಯೇ ಒಳನುಗ್ಗಲು ಸಾಧ್ಯವಾಗಿತ್ತು. ದೋಷದ ತೀವ್ರತೆಗೆ ಹತ್ತಕ್ಕೆ ಹತ್ತು ಅಂಕ ದೊರೆಯಿತು.

ಇಲ್ಲಿ ಗಮನಿಸಬೇಕಾದ ಅಂಶ ಬೇರೆಯೇ ಇದೆ. ತೊಂದರೆಗೆ ಸಿಲುಕಿದ್ದು ಈ ತಂತ್ರಾಂಶವನ್ನು ಬಳಸುವ ಎಲ್ಲರೂ ಅಲ್ಲ. ಅದರ ನಿರ್ವಹಣಾ ಪುಟವನ್ನು ಯಾವ ತಡೆಯೂ ಇಲ್ಲದೆ ಅಂತರ್ಜಾಲಕ್ಕೆ ತೆರೆದಿಟ್ಟಿದ್ದವರು. ಸಂಸ್ಥೆ ನೀಡಿದ ಮೊದಲ ಸಲಹೆಯೂ ಅದೇ ಆಗಿತ್ತು: ನಿರ್ವಹಣಾ ಪುಟವನ್ನು ನಂಬಿಕಸ್ಥ ವಿಳಾಸಗಳಿಗೆ ಮಾತ್ರ ಸೀಮಿತಗೊಳಿಸಿ. ತಂತ್ರಾಂಶದಲ್ಲಿ ದೋಷವಿದ್ದರೂ ಬಾಗಿಲು ಮುಚ್ಚಿದ್ದ ಕಚೇರಿಗಳನ್ನು ಅಂತರ್ಜಾಲದ ಕಡೆಯಿಂದ ಮುಟ್ಟುವುದು ಸಾಧ್ಯವಿರಲಿಲ್ಲ. ಕಚೇರಿ ದೂರವಾಣಿಯ ಭದ್ರತೆಯ ಇಡೀ ಪ್ರಶ್ನೆ ಈ ಒಂದು ಸಂಗತಿಯಲ್ಲಿ ಅಡಗಿದೆ.

ಪೆಟ್ಟಿಗೆ ಬದಲಾಯಿತು, ಮನೋಭಾವ ಬದಲಾಗಲಿಲ್ಲ

ಕಚೇರಿ, ಆಸ್ಪತ್ರೆ, ಹೋಟೆಲು, ಕಾಲೇಜುಗಳಲ್ಲಿ ‘ಇಪಿಎಬಿಎಕ್ಸ್’ ಎಂದೇ ಪರಿಚಿತವಾದ ಪೆಟ್ಟಿಗೆಯನ್ನು ನೋಡದವರು ವಿರಳ. ಹೊರಗಿನಿಂದ ಬರುವ ಕೆಲವೇ ಲೈನುಗಳನ್ನು ಒಳಗಿನ ಹತ್ತಾರು ಎಕ್ಸ್‌ಟೆನ್ಷನ್‌ಗಳಿಗೆ ಹಂಚುವುದು ಅದರ ಕೆಲಸ. ಗೋಡೆಗೆ ತಗುಲಿಸಿದ, ಧೂಳು ಮುಚ್ಚಿದ ಆ ಪೆಟ್ಟಿಗೆಯನ್ನು ವಿದ್ಯುತ್ ಮೀಟರಿನ ಸಾಲಿಗೇ ಸೇರಿಸಿ ಮರೆತುಬಿಡುವುದು ರೂಢಿ.

ಈ ತಂತ್ರಜ್ಞಾನದೊಂದಿಗೆ ಕರ್ನಾಟಕದ ನಂಟು ಹಳೆಯದು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ದೇಶೀಯವಾಗಿ ರೂಪಿಸಿದ 128 ಲೈನುಗಳ ಗ್ರಾಮೀಣ ಎಕ್ಸ್‌ಚೇಂಜ್ ಮೊದಲು ಕಾರ್ಯಾರಂಭ ಮಾಡಿದ್ದು 1986ರಲ್ಲಿ, ಕಿತ್ತೂರಿನಲ್ಲಿ. ಹವಾನಿಯಂತ್ರಣವಿಲ್ಲದೆಯೂ ಕೆಲಸ ಮಾಡಬಲ್ಲ ಆ ಯಂತ್ರ ದೇಶದ ಹಳ್ಳಿಹಳ್ಳಿಗೆ ಫೋನ್ ತಲುಪಿಸಿತು. ಅದೇ ಸಂಸ್ಥೆಯ ಕಚೇರಿ ಎಕ್ಸ್‌ಚೇಂಜ್‌ಗಳೂ ಮಾರುಕಟ್ಟೆಗೆ ಬಂದವು. ಆ ಕಾಲದ ಕಚೇರಿ ಯಂತ್ರಗಳಿಗೆ ಅಂತರ್ಜಾಲದ ಗಂಧಗಾಳಿಯೂ ಇರಲಿಲ್ಲ. ಯಾವುದೇ ಬದಲಾವಣೆಗೆ ತಂತ್ರಜ್ಞ ಕಚೇರಿಗೇ ಬಂದು, ಯಂತ್ರದ ಮುಂದೆ ನಿಂತು ಮಾಡಬೇಕಿತ್ತು.

1999ರಲ್ಲಿ ಪರಿಸ್ಥಿತಿ ಬದಲಾಗತೊಡಗಿತು. ಅಮೆರಿಕದ ಮಾರ್ಕ್ ಸ್ಪೆನ್ಸರ್ ಎಂಬ ತರುಣ ತಮ್ಮ ಪುಟ್ಟ ಕಂಪನಿಗೆ ಎಕ್ಸ್‌ಚೇಂಜ್ ಕೊಳ್ಳಲು ಹಣ ಸಾಲದೆ, ಸಾಮಾನ್ಯ ಕಂಪ್ಯೂಟರನ್ನೇ ಎಕ್ಸ್‌ಚೇಂಜ್ ಆಗಿಸುವ ‘ಆಸ್ಟರಿಸ್ಕ್’ ತಂತ್ರಾಂಶವನ್ನು ತಾವೇ ಬರೆದರು. ಅದನ್ನು ಎಲ್ಲರಿಗೂ ಮುಕ್ತವಾಗಿಸಿದರು. 2002ರಲ್ಲಿ ಅಂತರ್ಜಾಲ ಕರೆಗಳ ‘ಎಸ್‌ಐಪಿ’ ನಿಯಮಾವಳಿ ಇಂದಿಗೂ ಚಾಲ್ತಿಯಲ್ಲಿರುವ ರೂಪ ಪಡೆಯಿತು. ಅಲ್ಲಿಂದ ಮುಂದೆ ಗೋಡೆಯ ಮೇಲಿನ ಪೆಟ್ಟಿಗೆ ಕೇವಲ ಪೆಟ್ಟಿಗೆಯಾಗಿ ಉಳಿಯಲಿಲ್ಲ. ಅದು ನೆಟ್‌ವರ್ಕ್‌ಗೆ ಸೇರಿಕೊಂಡ ಪೂರ್ಣಪ್ರಮಾಣದ ಕಂಪ್ಯೂಟರ್ ಆಯಿತು. ವಿಪರ್ಯಾಸವೆಂದರೆ, ಅನೇಕ ಕಚೇರಿಗಳು ಅದನ್ನು ಇಂದಿಗೂ ನೋಡುವುದು ಹಳೆಯ ಪೆಟ್ಟಿಗೆಯನ್ನು ನೋಡಿದ ಕಣ್ಣಿನಿಂದಲೇ.

ದೂರ ನಿರ್ವಹಣೆಯ ಅನಿವಾರ್ಯತೆ

ಎಕ್ಸ್‌ಚೇಂಜನ್ನು ದೂರದಿಂದ ನಿರ್ವಹಿಸುವುದೇ ತಪ್ಪು ಎಂದು ಹೇಳುವುದು ಸುಲಭ; ಆದರೆ ಅದು ವಾಸ್ತವಕ್ಕೆ ದೂರ. ಬೆಂಗಳೂರಿನಲ್ಲಿ ಮುಖ್ಯ ಕಚೇರಿ, ಹುಬ್ಬಳ್ಳಿ, ಮಂಗಳೂರು, ಕಲಬುರಗಿಗಳಲ್ಲಿ ಶಾಖೆ ಇರುವ ಸಂಸ್ಥೆಯೊಂದನ್ನು ಊಹಿಸಿಕೊಳ್ಳಬಹುದು. ಹೊಸದಾಗಿ ಸೇರಿದ ನೌಕರನಿಗೆ ಎಕ್ಸ್‌ಟೆನ್ಷನ್ ಕೊಡಲು, ರಜೆಯ ದಿನದ ಸ್ವಾಗತ ಸಂದೇಶ ಬದಲಿಸಲು ಪ್ರತಿ ಬಾರಿಯೂ ತಂತ್ರಜ್ಞ ರಾತ್ರಿ ಬಸ್ ಹತ್ತುವುದು ಸಾಧ್ಯವಿಲ್ಲ. ವಾರ್ಷಿಕ ನಿರ್ವಹಣಾ ಗುತ್ತಿಗೆ ಪಡೆದ ಏಜೆನ್ಸಿ ತನ್ನ ಅಂಗಡಿಯಲ್ಲೇ ಕುಳಿತು ಹತ್ತಾರು ಗ್ರಾಹಕರ ಯಂತ್ರಗಳನ್ನು ಸರಿಪಡಿಸುತ್ತದೆ. ಇದರಿಂದ ಖರ್ಚೂ ಕಡಿಮೆ, ಸಮಯವೂ ಉಳಿತಾಯ.

ದೂರದ ದಾರಿ ಅಂತರ್ಜಾಲಕ್ಕಿಂತ ಹಿಂದಿನದು. ದೊಡ್ಡ ಎಕ್ಸ್‌ಚೇಂಜ್‌ಗಳ ನಿರ್ವಹಣಾ ಕಿಂಡಿಗೆ ಮೋಡೆಮ್ ಜೋಡಿಸಿ, ತಯಾರಕ ಕಂಪನಿಯವರು ಫೋನ್ ಮೂಲಕವೇ ಒಳಬರುವ ವ್ಯವಸ್ಥೆ ಮೊದಲಿನಿಂದಲೂ ಇತ್ತು. ಈ ಮಾರ್ಗದ ಅಪಾಯದ ಕುರಿತು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ 2000ದಲ್ಲೇ ಪ್ರತ್ಯೇಕ ಕೈಪಿಡಿ ಹೊರತಂದಿತ್ತು. ದೂರ ನಿರ್ವಹಣೆಯ ಬಾಗಿಲು ಸಾಮಾನ್ಯವಾಗಿ ಮುಚ್ಚಿರಬೇಕು, ಅಗತ್ಯ ಬಿದ್ದಾಗ ಸ್ಥಳೀಯ ಸಿಬ್ಬಂದಿಯೇ ಅದನ್ನು ತೆರೆಯಬೇಕು ಎಂಬುದು ಅದರ ಸಾರಾಂಶ. ಕಾಲು ಶತಮಾನ ಕಳೆದರೂ ಇದಕ್ಕಿಂತ ಒಳ್ಳೆಯ ಸಲಹೆ ಬೇರೊಂದಿಲ್ಲ. ಅದರ ಪಾಲನೆ ಮಾತ್ರ ಅಪರೂಪ.

ಮೋಡೆಮ್ ಜಾಗಕ್ಕೆ ಅಂತರ್ಜಾಲ ಬಂದ ಮೇಲೆ ಆದದ್ದಿಷ್ಟು. ಮೋಡೆಮ್ ಇದ್ದಾಗ ಕಳ್ಳನಿಗೆ ಅದರ ಫೋನ್ ಸಂಖ್ಯೆಯಾದರೂ ತಿಳಿದಿರಬೇಕಿತ್ತು. ಈಗ ಅದೂ ಬೇಕಿಲ್ಲ. ಅಂತರ್ಜಾಲದ ವಿಳಾಸಗಳನ್ನು ಒಂದೊಂದಾಗಿ ತಟ್ಟಿ ನೋಡುವ ಸ್ವಯಂಚಾಲಿತ ತಂತ್ರಾಂಶಗಳು ಹಗಲಿರುಳೂ ದುಡಿಯುತ್ತಿವೆ. ಎಸ್‌ಐಪಿ ಕರೆಗಳ 5060, ಎಸ್‌ಎಸ್‌ಎಚ್‌ನ 22, ಟೆಲ್‌ನೆಟ್‌ನ 23 ಹೀಗೆ ಪ್ರತಿ ಸೇವೆಗೂ ನಿಗದಿಯಾದ ಬಾಗಿಲು ಸಂಖ್ಯೆಗಳಿವೆ. ಬಾಗಿಲು ತೆರೆದಿದ್ದರೆ ಅದು ಪತ್ತೆಯಾಗಲು ಹೆಚ್ಚು ಹೊತ್ತು ಬೇಕಿಲ್ಲ. ‘ನಮ್ಮದು ಚಿಕ್ಕ ಕಚೇರಿ, ನಮ್ಮನ್ನು ಯಾರು ಹುಡುಕಿಕೊಂಡು ಬರುತ್ತಾರೆ’ ಎಂಬ ಸಮಾಧಾನಕ್ಕೆ ಇಲ್ಲಿ ಅರ್ಥವೇ ಇಲ್ಲ. ಹುಡುಕುವುದು ಯಂತ್ರ, ಅದು ಹೆಸರು ನೋಡುವುದಿಲ್ಲ, ಬಾಗಿಲು ಮಾತ್ರ ನೋಡುತ್ತದೆ.

ಹಣ ಹೋಗುವ ದಾರಿ

ಬೇರೆಯವರ ಫೋನ್ ಯಂತ್ರಕ್ಕೆ ನುಗ್ಗಿ ಕಳ್ಳನಿಗೆ ಸಿಗುವುದೇನು ಎಂಬ ಪ್ರಶ್ನೆ ಸಹಜ. ಇದರ ಉತ್ತರ ಅಂತರರಾಷ್ಟ್ರೀಯ ಕರೆಗಳ ಲೆಕ್ಕಾಚಾರದಲ್ಲಿದೆ. ಕೆಲವು ದೇಶಗಳ ದುಬಾರಿ ಸಂಖ್ಯೆಗಳಿಗೆ ಕರೆ ಹೋದರೆ, ನಿಮಿಷಕ್ಕೆ ಇಂತಿಷ್ಟೆಂದು ಬರುವ ಹಣದಲ್ಲಿ ಸಂಖ್ಯೆಯನ್ನು ಬಾಡಿಗೆಗೆ ಪಡೆದವನಿಗೂ ಪಾಲು ಸಿಗುತ್ತದೆ. ಕಳ್ಳ ಮೊದಲು ಇಂತಹ ಸಂಖ್ಯೆಗಳನ್ನು ಪಡೆಯುತ್ತಾನೆ. ಬಳಿಕ ಯಾವುದೋ ಕಚೇರಿಯ ಎಕ್ಸ್‌ಚೇಂಜ್‌ನಿಂದ ಆ ಸಂಖ್ಯೆಗಳಿಗೆ ಒಂದೇ ಸಮನೆ ಕರೆ ಮಾಡಿಸುತ್ತಾನೆ. ಆ ಕಡೆ ಮಾತನಾಡುವವರು ಯಾರೂ ಇರುವುದಿಲ್ಲ. ಲೈನು ತೆರೆದಿದ್ದರೆ ಸಾಕು. ಬಿಲ್ ಕಚೇರಿಗೆ, ಪಾಲು ಕಳ್ಳನಿಗೆ.

ಒಂದು ಸರಳ ಲೆಕ್ಕ ನೋಡಬಹುದು. ಮಧ್ಯಮ ಗಾತ್ರದ ಕಚೇರಿಗಳು ಪಡೆಯುವ ಒಂದು ಪಿಆರ್‌ಐ ಲೈನಿನಲ್ಲಿ ಏಕಕಾಲಕ್ಕೆ 30 ಕರೆ ಸಾಧ್ಯ. ಶುಕ್ರವಾರ ರಾತ್ರಿ ಎಂಟಕ್ಕೆ ಕಚೇರಿ ಮುಚ್ಚಿ ಸೋಮವಾರ ಬೆಳಿಗ್ಗೆ ಎಂಟಕ್ಕೆ ತೆರೆದರೆ ನಡುವೆ 60 ಗಂಟೆ. ಮೂವತ್ತೂ ಕರೆಗಳು ಬಿಡುವಿಲ್ಲದೆ ನಡೆದರೆ 1,08,000 ನಿಮಿಷ. ನಿಮಿಷಕ್ಕೆ 50 ರೂಪಾಯಿ ಎಂದು ಹಿಡಿದರೂ ಒಂದೇ ವಾರಾಂತ್ಯದ ಬಿಲ್ 54 ಲಕ್ಷ ರೂಪಾಯಿ. ಇದು ಕಾಗದದ ಮೇಲಿನ ಗರಿಷ್ಠ ಲೆಕ್ಕ, ನಿಜ. ಆದರೆ ಅದರ ಅರ್ಧವೂ ಸಣ್ಣ ಸಂಸ್ಥೆಯೊಂದನ್ನು ಮುಳುಗಿಸಲು ಸಾಕು.

ಇದು ಕೇವಲ ಊಹೆಯಲ್ಲ ಎಂಬುದಕ್ಕೆ ಉದಾಹರಣೆಗಳಿವೆ. 2014ರ ಮಾರ್ಚ್‌ನಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ನೋರ್‌ಕ್ರಾಸ್‌ನಲ್ಲಿ ಏಳು ಮಂದಿ ಕೆಲಸ ಮಾಡುವ ವಾಸ್ತುಶಿಲ್ಪ ಕಚೇರಿಯೊಂದಕ್ಕೆ ಒಂದು ವಾರಾಂತ್ಯದಲ್ಲಿ 1.66 ಲಕ್ಷ ಡಾಲರ್ ಬಿಲ್ ಬಂತು. ಅಂದಿನ ವಿನಿಮಯ ದರದಲ್ಲಿ ಅದು ಸುಮಾರು ಒಂದು ಕೋಟಿ ರೂಪಾಯಿ. ಕರೆಗಳು ಹೋಗಿದ್ದು ಗ್ಯಾಂಬಿಯಾ, ಸೊಮಾಲಿಯಾ, ಮಾಲ್ಡೀವ್ಸ್‌ಗಳ ದುಬಾರಿ ಸಂಖ್ಯೆಗಳಿಗೆ. ಆ ಕಚೇರಿಯವರು ಎಂದಿನಂತೆ ಫೋನ್ ಬಳಸಿದ್ದರೆ ಅಷ್ಟು ಬಿಲ್ ಆಗಲು ಮೂರು ದಶಕಗಳಿಗೂ ಹೆಚ್ಚು ಕಾಲ ಬೇಕಾಗುತ್ತಿತ್ತು.

ಇದರ ಹಿಂದೆ ವ್ಯವಸ್ಥಿತ ಜಾಲಗಳಿವೆ. 2009ರ ಜೂನ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ಫಿಲಿಪ್ಪೀನ್ಸ್‌ನಲ್ಲಿದ್ದ ಮೂವರ ವಿರುದ್ಧ ಆರೋಪಪಟ್ಟಿಯನ್ನು ಬಹಿರಂಗಪಡಿಸಿತು. 2005ರಿಂದ 2008ರ ನಡುವೆ ನಾನಾ ದೇಶಗಳ 2,500ಕ್ಕೂ ಹೆಚ್ಚು ಕಚೇರಿ ಎಕ್ಸ್‌ಚೇಂಜ್‌ಗಳಿಗೆ ನುಗ್ಗಿ, 5.5 ಕೋಟಿ ಡಾಲರ್ ಮೌಲ್ಯದ ಕರೆಗಳಿಗೆ ದಾರಿ ಮಾಡಿಕೊಟ್ಟ ಆರೋಪ ಅದರಲ್ಲಿತ್ತು. ಪಾಕಿಸ್ತಾನದಿಂದ ನಡೆಯುತ್ತಿದ್ದ ಮತ್ತೊಂದು ಜಾಲ 5 ಕೋಟಿ ಡಾಲರಿಗೂ ಮಿಕ್ಕಿ ನಷ್ಟ ಉಂಟುಮಾಡಿತೆಂದು ಎಫ್‌ಬಿಐ ಹೇಳಿತು. ಅದರ ಹಣ ಸಾಗಿಸಿದ್ದಾಗಿ ಒಪ್ಪಿಕೊಂಡವನಿಗೆ 2017ರಲ್ಲಿ ನಾಲ್ಕು ವರ್ಷ ಜೈಲಾಯಿತು. ಈ ಎರಡನೆಯ ಜಾಲದ ಕಾರ್ಯವಿಧಾನ ಕುತೂಹಲಕರ. ಯಂತ್ರಕ್ಕೆ ನುಗ್ಗಿದವರು ಮೊದಲು ಹುಡುಕುತ್ತಿದ್ದದ್ದು ಯಾರೂ ಬಳಸದ ಎಕ್ಸ್‌ಟೆನ್ಷನ್‌ಗಳನ್ನು. ನೌಕರ ಕೆಲಸ ಬಿಟ್ಟು ಹೋದರೂ ಅಳಿಸದೆ ಉಳಿದ ಸಂಖ್ಯೆಯೇ ಅವರಿಗೆ ಬಂಡವಾಳ. ಯಾರೂ ಕೂರದ ಮೇಜಿನ ಫೋನ್ ರಾತ್ರಿಯಿಡೀ ವಿದೇಶಕ್ಕೆ ಕರೆ ಮಾಡಿದರೆ ಕೇಳುವವರು ಯಾರು?

ಬಿಲ್ಲಿನಾಚೆಯ ಅಪಾಯ

ಒಂದು ಕಾಲದಲ್ಲಿ ನಷ್ಟ ಬಿಲ್ಲಿಗೆ ಸೀಮಿತವಾಗಿತ್ತು. ಈಗ ಹಾಗಿಲ್ಲ. ದೂರವಾಣಿ ಯಂತ್ರವೂ ಕಂಪ್ಯೂಟರ್ ಆಗಿರುವುದರಿಂದ ಅದು ಕಚೇರಿಯ ಉಳಿದ ಕಂಪ್ಯೂಟರ್‌ಗಳಿಗೆ ಹೋಗುವ ಹೊಸ್ತಿಲೂ ಆಗಿದೆ. ‘ಲೊರೆಂಜ್’ ಎಂಬ ಒತ್ತೆಹಣ ವಸೂಲಿ ತಂಡ 2022ರಲ್ಲಿ ಮೈಟೆಲ್ ಕಂಪನಿಯ ಫೋನ್ ಸಾಧನದಲ್ಲಿದ್ದ ದೋಷದ ಮೂಲಕ ಸಂಸ್ಥೆಯೊಂದರ ಜಾಲಕ್ಕೆ ಪ್ರವೇಶಿಸಿದ್ದನ್ನು ಭದ್ರತಾ ತಜ್ಞರು ಪತ್ತೆಹಚ್ಚಿದರು. ಒಳಬಂದವರು ಸುಮಾರು ಒಂದು ತಿಂಗಳು ಸುಮ್ಮನಿದ್ದು, ಆಮೇಲೆ ಕೆಲಸ ಆರಂಭಿಸಿದ್ದರು. ಕಡತಗಳ ಕಂಪ್ಯೂಟರಿಗೆ ನಾಲ್ಕು ಸುತ್ತಿನ ಕಾವಲು ಇಟ್ಟ ಸಂಸ್ಥೆಗಳು ಫೋನಿನ ಪೆಟ್ಟಿಗೆಯನ್ನು ಮರೆತರೆ ಆಗುವುದು ಇದೇ.

ಅದೇ ವರ್ಷದ ಆರಂಭದಲ್ಲಿ ಅದೇ ಕಂಪನಿಯ ಇನ್ನೊಂದು ಬಗೆಯ ಸಾಧನಗಳು ಬೇರೆ ರೀತಿಯ ದುರ್ಬಳಕೆಗೆ ಒಳಗಾದವು. ಪರೀಕ್ಷೆಗೆಂದು ಇರಿಸಿದ್ದ ಒಳಗಿನ ಸೌಲಭ್ಯವೊಂದು ಸುಮಾರು 2,600 ಯಂತ್ರಗಳಲ್ಲಿ ಅಂತರ್ಜಾಲಕ್ಕೆ ತೆರೆದುಕೊಂಡಿತ್ತು. ಒಂದೇ ಒಂದು ಸಣ್ಣ ಸಂದೇಶ ಕಳುಹಿಸಿ, ಆ ಯಂತ್ರದಿಂದ 429 ಕೋಟಿಗೂ ಹೆಚ್ಚು ಸಂದೇಶಗಳನ್ನು ಮೂರನೆಯವರ ಮೇಲೆ ಸುರಿಸಲು ಸಾಧ್ಯವಿತ್ತು. ಇಲ್ಲಿ ಯಂತ್ರದ ಒಡೆಯ ತನಗರಿವಿಲ್ಲದೆಯೇ ಇನ್ನೊಬ್ಬರ ಮೇಲಿನ ದಾಳಿಗೆ ಆಯುಧವಾಗಿದ್ದ.

2019ರಲ್ಲಿ ಪತ್ತೆಯಾದ ಫ್ರೀಪಿಬಿಎಕ್ಸ್ ದೋಷವೊಂದನ್ನು ಬಳಸಿ ಸುಮಾರು 1,200 ಸಂಸ್ಥೆಗಳ ಯಂತ್ರಗಳಿಗೆ ನುಗ್ಗಿದ್ದನ್ನು ಚೆಕ್ ಪಾಯಿಂಟ್ ಕಂಪನಿ 2020ರ ನವೆಂಬರ್‌ನಲ್ಲಿ ಬಯಲಿಗೆಳೆಯಿತು. ದೋಷಕ್ಕೆ ಪರಿಹಾರ ಲಭ್ಯವಿದ್ದರೂ ಅದನ್ನು ಅಳವಡಿಸದೇ ಇದ್ದವರೇ ಬಲಿಯಾದವರು. 2023ರ ಮಾರ್ಚ್‌ನಲ್ಲಿ ಬೇಲಿಯೇ ಎದ್ದು ಹೊಲ ಮೇಯ್ದ ಪ್ರಸಂಗವೂ ನಡೆಯಿತು. 3ಸಿಎಕ್ಸ್ ಎಂಬ ಜನಪ್ರಿಯ ಕಚೇರಿ ಫೋನ್ ತಂತ್ರಾಂಶದ ತಯಾರಕರ ಜಾಲಕ್ಕೇ ನುಗ್ಗಿದವರು, ಕಂಪನಿ ಅಧಿಕೃತವಾಗಿ ವಿತರಿಸುವ ಆ್ಯಪ್‌ನಲ್ಲೇ ವಿಷ ಬೆರೆಸಿದರು. ತನಿಖೆ ನಡೆಸಿದ ತಜ್ಞರು ಉತ್ತರ ಕೊರಿಯಾದ ಕಡೆ ಬೆರಳು ತೋರಿದರು.

ಇವೆಲ್ಲಕ್ಕಿಂತ ಕಣ್ತೆರೆಸುವ ಪ್ರಕರಣ 2025ರ ಜುಲೈನದು. ಸಿಸ್ಕೊ ಕಂಪನಿ ತನ್ನ ದೂರವಾಣಿ ತಂತ್ರಾಂಶದ ಕೆಲವು ಆವೃತ್ತಿಗಳಲ್ಲಿ ಪರಮಾಧಿಕಾರದ ಖಾತೆಯೊಂದು ಬದಲಿಸಲಾಗದ ಪಾಸ್‌ವರ್ಡ್ ಸಮೇತ ಉಳಿದುಹೋಗಿದೆ ಎಂದು ಒಪ್ಪಿಕೊಂಡಿತು. ಅದು ತಂತ್ರಾಂಶ ರೂಪಿಸುವಾಗಿನ ಬಳಕೆಗೆಂದು ಇಟ್ಟ ಖಾತೆ. ಗ್ರಾಹಕ ತನ್ನ ಎಲ್ಲ ಪಾಸ್‌ವರ್ಡ್‌ಗಳನ್ನು ಎಷ್ಟೇ ಎಚ್ಚರದಿಂದ ಬದಲಿಸಿದ್ದರೂ ಇದನ್ನು ಬದಲಿಸುವುದು ಆತನ ಕೈಯಲ್ಲಿರಲಿಲ್ಲ. ಪರಿಹಾರ ಬರುವ ತನಕ ಕಾಪಾಡಬಲ್ಲದ್ದು ಒಂದೇ: ಆ ಯಂತ್ರದ ನಿರ್ವಹಣಾ ಬಾಗಿಲಿಗೆ ಹೊರಗಿನವರು ತಲುಪದಂತೆ ಕಟ್ಟಿದ ಬೇಲಿ.

ಬೇಲಿ ಕಟ್ಟುವುದು ಹೇಗೆ?

ಹಾಗಾದರೆ ಸುರಕ್ಷಿತ ದೂರ ನಿರ್ವಹಣೆ ಸಾಧ್ಯವೇ? ಖಂಡಿತ ಸಾಧ್ಯ. ಅದಕ್ಕೆ ಬೇಕಾದ ಉಪಕರಣಗಳು ಹೊಸವೂ ಅಲ್ಲ, ದುಬಾರಿಯೂ ಅಲ್ಲ. ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್‌ಗಳನ್ನು ಕದ್ದಾಲಿಸಿದ ಘಟನೆ ನಡೆದ ಮೇಲೆ, ಅಲ್ಲಿನ ತಾತು ಯ್ಲೊನೆನ್ ಅವರು 1995ರಲ್ಲಿ ಎಸ್‌ಎಸ್‌ಎಚ್ ರೂಪಿಸಿದರು. ಅದಕ್ಕೆ ಮೊದಲು ಬಳಕೆಯಲ್ಲಿದ್ದ ಟೆಲ್‌ನೆಟ್‌ನಲ್ಲಿ ಪಾಸ್‌ವರ್ಡ್ ಅಂಚೆ ಕಾರ್ಡಿನ ಮೇಲಿನ ಬರಹದಂತೆ ದಾರಿಯಲ್ಲಿ ಸಿಕ್ಕವರೆಲ್ಲ ಓದುವಂತೆ ಸಾಗುತ್ತದೆ. ಎಸ್‌ಎಸ್‌ಎಚ್ ಅದನ್ನು ಅರಗಿನ ಮುದ್ರೆ ಒತ್ತಿದ ಲಕೋಟೆಯಲ್ಲಿಟ್ಟಿತು. ಮೂರು ದಶಕ ಕಳೆದರೂ ಟೆಲ್‌ನೆಟ್ ತೆರೆದಿಟ್ಟ ಹಳೆಯ ಎಕ್ಸ್‌ಚೇಂಜ್‌ಗಳು ಇಂದಿಗೂ ಸಿಗುತ್ತವೆ.

ಮೊದಲ ಸೂತ್ರ, ನಿರ್ವಹಣಾ ಪುಟ ಅಂತರ್ಜಾಲಕ್ಕೆ ನೇರವಾಗಿ ಕಾಣಿಸಲೇಬಾರದು. ತಂತ್ರಜ್ಞ ಮೊದಲು ವಿಪಿಎನ್ ಎಂಬ ಗುಪ್ತ ಸುರಂಗದ ಮೂಲಕ ಕಚೇರಿಯ ಜಾಲಕ್ಕೆ ಬರಬೇಕು, ಅಲ್ಲಿಂದ ಮುಂದಕ್ಕೆ ಯಂತ್ರಕ್ಕೆ ಹೋಗಬೇಕು. ವೈರ್‌ಗಾರ್ಡ್, ಓಪನ್‌ವಿಪಿಎನ್ ಮುಂತಾದ ಉಚಿತ ತಂತ್ರಾಂಶಗಳೇ ಇದಕ್ಕೆ ಸಾಕು. ಇನ್ನೂ ಬಿಗಿ ಬೇಕೆಂದರೆ ನಡುವೆ ಒಂದು ಪಹರೆ ಕಂಪ್ಯೂಟರ್ ಇರಿಸಿ, ಎಲ್ಲರೂ ಅದರ ಮೂಲಕವೇ ಹಾದುಹೋಗುವಂತೆ ಮಾಡಬಹುದು. ಯಾರು, ಯಾವಾಗ, ಏನು ಮಾಡಿದರು ಎಂಬುದು ಅಲ್ಲಿಯೇ ದಾಖಲಾಗುತ್ತದೆ.

ವಿಪಿಎನ್ ಇದ್ದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ ಎಂಬುದೂ ಅಷ್ಟೇ ಸತ್ಯ. 2024ರ ಜನವರಿಯಲ್ಲಿ ಇವಾಂಟಿ ಕಂಪನಿಯ ವಿಪಿಎನ್ ಸಾಧನಗಳಲ್ಲೇ ಗಂಭೀರ ದೋಷಗಳು ಪತ್ತೆಯಾಗಿ, ಅವುಗಳ ಮೂಲಕ ದಾಳಿಗಳು ನಡೆದವು. ಹೀಗಾಗಿ ಒಂದು ಬಾಗಿಲು ಮುರಿದರೂ ಎರಡನೆಯದು ತಡೆಯುವಂತಿರಬೇಕು. ಸುರಂಗದೊಳಕ್ಕೆ ಬಂದವನಿಗೂ ಎಕ್ಸ್‌ಚೇಂಜ್ ಪ್ರತ್ಯೇಕ ಗುರುತು ಕೇಳಬೇಕು. ಪಾಸ್‌ವರ್ಡ್‌ಗೆ ಬದಲು ಎಸ್‌ಎಸ್‌ಎಚ್ ಕೀಲಿ, ಜೊತೆಗೆ ಮೊಬೈಲಿಗೆ ಬರುವ ಎರಡನೆಯ ಸಂಕೇತ ಇದ್ದರೆ ಕದ್ದ ಪಾಸ್‌ವರ್ಡ್ ಒಂದರಿಂದಲೇ ಕೆಲಸವಾಗದು.

ಎರಡನೆಯದು, ಖಾತೆಗಳು ವ್ಯಕ್ತಿಗತವಾಗಿರಬೇಕು. ‘ಅಡ್ಮಿನ್’ ಎಂಬ ಒಂದೇ ಹೆಸರು, ಏಜೆನ್ಸಿಯ ಎಲ್ಲ ಹುಡುಗರಿಗೂ ಗೊತ್ತಿರುವ ಒಂದೇ ಪಾಸ್‌ವರ್ಡ್, ಅದೇ ಪಾಸ್‌ವರ್ಡ್ ಏಜೆನ್ಸಿಯ ಎಲ್ಲ ಗ್ರಾಹಕರಿಗೂ ಎಂಬ ಸ್ಥಿತಿ ಇದ್ದರೆ, ಒಬ್ಬ ಹುಡುಗ ಕೆಲಸ ಬಿಟ್ಟಾಗ ಎಲ್ಲ ಕಚೇರಿಗಳ ಕೀಲಿಯೂ ಅವನೊಂದಿಗೆ ಹೋದಂತೆ. ಹೀಗೆ ಹೋದ ಕೀಲಿ ಹಿಂದಿರುಗುವುದಿಲ್ಲ. ಪ್ರತಿಯೊಬ್ಬನಿಗೂ ಬೇರೆ ಖಾತೆ ಇದ್ದರೆ ಅವನೊಬ್ಬನದನ್ನು ರದ್ದು ಮಾಡಿದರಾಯಿತು. ಅವನ ಮೇಲೆ ವಿನಾಕಾರಣ ಅನುಮಾನವೂ ಬರುವುದಿಲ್ಲ.

ಮೂರನೆಯದು, ಫೋನುಗಳ ಜಾಲ ಬೇರೆ, ಕಡತಗಳ ಜಾಲ ಬೇರೆ ಇರಬೇಕು. ಒಂದೇ ತಂತಿಯ ಮೇಲೆ ಎರಡನ್ನೂ ತಾರ್ಕಿಕವಾಗಿ ವಿಂಗಡಿಸುವ ಸೌಲಭ್ಯ ಸಾಧಾರಣ ಸ್ವಿಚ್‌ಗಳಲ್ಲೂ ಇದೆ. ಫೋನಿನ ಕಡೆಯಿಂದ ನುಗ್ಗಿದವನು ಲೆಕ್ಕಪತ್ರದ ಕಂಪ್ಯೂಟರಿಗೆ ಹಾರದಂತೆ ಇದು ತಡೆಯುತ್ತದೆ. ಟೇಬಲ್ ಫೋನುಗಳು ತಮ್ಮ ಸೆಟ್ಟಿಂಗ್‌ಗಳನ್ನು ಪಡೆಯುವ ಕಡತಗಳ ಮೇಲೂ ಕಣ್ಣಿಡಬೇಕು. ಹಳೆಯ ಟಿಎಫ್‌ಟಿಪಿ ವಿಧಾನದಲ್ಲಿ ಆ ಕಡತಗಳು ಎಕ್ಸ್‌ಟೆನ್ಷನ್‌ನ ಪಾಸ್‌ವರ್ಡ್ ಸಮೇತ ಬಯಲಿನಲ್ಲೇ ಓಡಾಡುತ್ತವೆ.

ನಾಲ್ಕನೆಯದು, ಹಳೆಯ ಡಯಲ್ ಬೀಗದ ಆಧುನಿಕ ರೂಪ. ವಿದೇಶಿ ಕರೆಯ ಅಗತ್ಯವೇ ಇಲ್ಲದ ಕಚೇರಿಗೆ ಐಎಸ್‌ಡಿ ಸೌಲಭ್ಯವೇಕೆ? ಅದನ್ನು ತನ್ನ ಎಕ್ಸ್‌ಚೇಂಜ್‌ನಲ್ಲಿ ಮಾತ್ರವಲ್ಲ, ದೂರವಾಣಿ ಸೇವಾ ಕಂಪನಿಯ ಮಟ್ಟದಲ್ಲೇ ನಿಲ್ಲಿಸಬೇಕು. ಎಕ್ಸ್‌ಚೇಂಜ್ ಕಳ್ಳನ ಕೈಗೆ ಸಿಕ್ಕರೆ ಅಲ್ಲಿನ ನಿರ್ಬಂಧವನ್ನು ಆತ ತೆಗೆದುಹಾಕಬಲ್ಲ, ಕಂಪನಿಯ ಕಡೆಯ ನಿರ್ಬಂಧವನ್ನು ಮುಟ್ಟಲಾರ. ಅಗತ್ಯವಿರುವ ಕಚೇರಿಗಳು ಬೇಕಾದ ದೇಶಗಳಿಗೆ, ಕಚೇರಿ ವೇಳೆಗೆ ಮಾತ್ರ ಅನುಮತಿಸಿ, ದಿನದ ಖರ್ಚಿಗೆ ಮಿತಿ ಹಾಕಿಸಬಹುದು. ಬಳಕೆಯಲ್ಲಿಲ್ಲದ ಎಕ್ಸ್‌ಟೆನ್ಷನ್‌ಗಳನ್ನು ಅಳಿಸುವುದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಐದನೆಯದು, ಕರೆ ದಾಖಲೆಗಳ ಪ್ರತಿ ಬೇರೆ ಯಂತ್ರಕ್ಕೂ ಹೋಗುತ್ತಿರಬೇಕು. ನುಗ್ಗಿದವನು ಮೊದಲು ಅಳಿಸುವುದು ತನ್ನ ಹೆಜ್ಜೆ ಗುರುತನ್ನು. ಮಧ್ಯರಾತ್ರಿ ವಿದೇಶಿ ಕರೆಗಳು ಏರಿದರೆ ಸಂಬಂಧಪಟ್ಟವರ ಮೊಬೈಲಿಗೆ ಸಂದೇಶ ಬರುವಂತಿದ್ದರೆ, ಸೋಮವಾರ ಬೆಳಗಿನ ಆಘಾತ ಶುಕ್ರವಾರ ರಾತ್ರಿಯ ಕಿರಿಕಿರಿಯಷ್ಟಕ್ಕೇ ಮುಗಿಯುತ್ತದೆ.

ಇಷ್ಟೆಲ್ಲ ಬಿಗಿ ಮಾಡಿದರೆ ತುರ್ತು ಸಮಯದಲ್ಲಿ ತಂತ್ರಜ್ಞನೇ ಒಳಬರಲಾಗದೆ ಪರದಾಡುತ್ತಾನೆ ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. ದೂರದಿಂದ ಒಂದು ತಪ್ಪು ಆದೇಶ ಕೊಟ್ಟರೆ ಸುರಂಗವೇ ಕುಸಿದು, ಆಸ್ಪತ್ರೆಯ ವಾರ್ಡುಗಳ ಫೋನುಗಳೆಲ್ಲ ಮೂಕವಾಗಬಹುದು. 112ಕ್ಕೆ ಕರೆ ಮಾಡಲೂ ಆಗದ ಸ್ಥಿತಿ ಬರಬಹುದು. ಆದ್ದರಿಂದ ಬದಲಾವಣೆಗೆ ಮುನ್ನ ಸೆಟ್ಟಿಂಗ್‌ಗಳ ಪ್ರತಿ ತೆಗೆದಿಡುವುದು, ಕಚೇರಿಯಲ್ಲಿ ಯಂತ್ರದ ಬಳಿ ಹೋಗಬಲ್ಲ ಒಬ್ಬರನ್ನಾದರೂ ತರಬೇತುಗೊಳಿಸುವುದು, ಎಕ್ಸ್‌ಚೇಂಜ್‌ಗೆ ಸಂಬಂಧವಿಲ್ಲದ ಒಂದು ನೇರ ಲೈನ್ ಅಥವಾ ಮೊಬೈಲ್ ಇರಿಸುವುದು ಭದ್ರತೆಯ ಭಾಗವೇ ಹೊರತು ಪ್ರತ್ಯೇಕ ವಿಷಯವಲ್ಲ.

ಕಾನೂನು ಏನು ಹೇಳುತ್ತದೆ?

ಈ ವಿಷಯ ಕರ್ನಾಟಕಕ್ಕೆ, ಅದರಲ್ಲೂ ಬೆಂಗಳೂರಿಗೆ ಎರಡು ಕಾರಣಗಳಿಂದ ಮುಖ್ಯ. ಇಲ್ಲಿನ ಕಚೇರಿಗಳು ಸಂಭಾವ್ಯ ಬಲಿಪಶುಗಳು ಎಂಬುದು ಒಂದಾದರೆ, ಹೊರದೇಶಗಳ ಕಂಪನಿಗಳ ದೂರವಾಣಿ ವ್ಯವಸ್ಥೆಯನ್ನು ಇಲ್ಲಿಂದಲೇ ನಿರ್ವಹಿಸುವ ಎಂಜಿನಿಯರುಗಳ ಪಡೆ ಈ ನಗರದಲ್ಲಿದೆ ಎಂಬುದು ಇನ್ನೊಂದು. ಕೀಲಿ ಕಾಯುವ ಹೊಣೆ ಅವರ ಹೆಗಲ ಮೇಲೂ ಇದೆ.

2021ರ ಜೂನ್‌ನಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ ಬಿಪಿಒ ವಲಯದ ನಿಯಮಗಳನ್ನು ಗಣನೀಯವಾಗಿ ಸಡಿಲಿಸಿತು. ದೇಶೀಯ, ಅಂತರರಾಷ್ಟ್ರೀಯ ಕೇಂದ್ರಗಳೆಂಬ ಭೇದ ತೆಗೆದುಹಾಕಿ, ಅವುಗಳ ಎಕ್ಸ್‌ಚೇಂಜ್ ಜಗತ್ತಿನ ಎಲ್ಲಿ ಬೇಕಾದರೂ ಇರಬಹುದೆಂದು ಹೇಳಿತು. ಮನೆಯಿಂದಲೇ ಕೆಲಸ ಮಾಡುವವರಿಗೆ ಇದು ವರದಾನವಾಯಿತು ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಯಂತ್ರ ಒಂದು ದೇಶದಲ್ಲಿ, ಮಾತನಾಡುವವರು ಇನ್ನೊಂದರಲ್ಲಿ, ನಿರ್ವಹಿಸುವವರು ಮತ್ತೊಂದರಲ್ಲಿ ಎಂದಾದಾಗ ನಡುವಿನ ದಾರಿಯ ಭದ್ರತೆಯೇ ಸರ್ವಸ್ವ ಎಂಬುದನ್ನೂ ಅದು ಅನಿವಾರ್ಯಗೊಳಿಸಿತು.

ಸಿಇಆರ್‌ಟಿ-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಕಂಪ್ಯೂಟರ್ ವ್ಯವಸ್ಥೆಗೆ ಅಕ್ರಮ ಪ್ರವೇಶವಾದುದು ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು; ದಾಖಲೆಗಳನ್ನು 180 ದಿನ ಕಾಪಾಡಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಮಿನಡಿ ಇಂತಹ ಕೃತ್ಯಕ್ಕೆ ಮೂರು ವರ್ಷದವರೆಗೆ ಸೆರೆವಾಸ ಅಥವಾ ಐದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಮುದ್ರಿತ ಕರೆಗಳು ಗ್ರಾಹಕರ ವೈಯಕ್ತಿಕ ಮಾಹಿತಿಯಾಗಿರುವುದರಿಂದ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇಲ್ಲಿ ಪ್ರಸ್ತುತ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಹೊಣೆಗಾರಿಕೆಗಳು 18 ತಿಂಗಳ ಬಳಿಕ ಜಾರಿಗೆ ಬರುವಂತೆ ಗೊತ್ತುಪಡಿಸಲಾಗಿದೆ. ಸೂಕ್ತ ಭದ್ರತೆ ಒದಗಿಸದಿದ್ದರೆ ಕಾಯ್ದೆಯಲ್ಲಿರುವ ಗರಿಷ್ಠ ದಂಡ 250 ಕೋಟಿ ರೂಪಾಯಿ.

ಕಾನೂನು ಕಳ್ಳನನ್ನು ಶಿಕ್ಷಿಸಬಹುದು, ನಿರ್ಲಕ್ಷಿಸಿದವರಿಗೆ ದಂಡ ಹಾಕಬಹುದು. ಹೋದ ಹಣವನ್ನು ಮರಳಿ ತರುವುದು ಬೇರೆಯದೇ ಮಾತು. ಕಚೇರಿಯ ಲೈನಿನಿಂದ ಹೋದ ಕರೆಯ ಬಿಲ್ ಕಚೇರಿಯದೇ ಎಂಬುದು ಸೇವಾ ಕಂಪನಿಗಳ ಸಾಮಾನ್ಯ ನಿಲುವು. ಏಜೆನ್ಸಿಯನ್ನು ಕೇಳಿದರೆ ಗುತ್ತಿಗೆ ಪತ್ರದಲ್ಲಿ ಭದ್ರತೆಯ ಮಾತೇ ಇರುವುದಿಲ್ಲ. ಕಂಪ್ಯೂಟರ್ ವಿಭಾಗದವರು ಫೋನ್ ತಮ್ಮದಲ್ಲ ಎನ್ನುತ್ತಾರೆ; ಆಡಳಿತ ವಿಭಾಗದವರು ಪಾಸ್‌ವರ್ಡ್ ತಮಗೆ ತಿಳಿಯದು ಎನ್ನುತ್ತಾರೆ. ಸಮಸ್ಯೆಯ ಮೂಲ ಇರುವುದು ಇಲ್ಲಿಯೇ. ದೂರವಾಣಿ ಪೆಟ್ಟಿಗೆ ಎಲ್ಲರಿಗೂ ಬೇಕು, ಆದರೆ ಅದು ಯಾರದೂ ಅಲ್ಲ.

ತಂತ್ರಾಂಶಗಳಲ್ಲಿ ದೋಷಗಳು ಇದ್ದೇ ಇರುತ್ತವೆ, ಮುಂದೆಯೂ ಪತ್ತೆಯಾಗುತ್ತವೆ. ಕ್ಲೌಡ್ ಸೇವೆಗೆ ವರ್ಗಾಯಿಸಿದರೂ ನಿರ್ವಹಣಾ ಪುಟದ ಪಾಸ್‌ವರ್ಡ್ ಗ್ರಾಹಕನ ಬಳಿಯೇ ಉಳಿಯುತ್ತದೆ. ಹಾಗಾಗಿ ಮುಂದಿನ ಬಾರಿ ನಿರ್ವಹಣಾ ಗುತ್ತಿಗೆ ನವೀಕರಿಸುವಾಗ ಸಂಸ್ಥೆಯ ಮುಖ್ಯಸ್ಥರು ಮೂರೇ ಪ್ರಶ್ನೆ ಕೇಳಿದರೆ ಸಾಕು: ಈ ಯಂತ್ರದ ನಿರ್ವಹಣಾ ಪುಟ ಹೊರಗಿನಿಂದ ಕಾಣುತ್ತದೆಯೇ? ಅದರ ಕೀಲಿ ಯಾರ್‍ಯಾರ ಬಳಿ ಇದೆ? ರಾತ್ರಿ ಹೊತ್ತು ವಿದೇಶಕ್ಕೆ ಕರೆ ಹೋದರೆ ಮೊದಲು ಯಾರಿಗೆ ತಿಳಿಯುತ್ತದೆ? ಉತ್ತರ ಸಿಗದಿದ್ದರೆ ಅದೇ ಉತ್ತರ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂಬ ಗಾದೆ ಎಲ್ಲರಿಗೂ ಗೊತ್ತು. ಕಚೇರಿ ದೂರವಾಣಿಯ ವಿಷಯದಲ್ಲಿ ಕೋಟೆಯ ಹೆಬ್ಬಾಗಿಲು ಭದ್ರವಾಗಿಯೇ ಇದೆ. ತೆರೆದಿರುವುದು ರಿಪೇರಿಯವನ ಅನುಕೂಲಕ್ಕೆಂದು ಬಿಟ್ಟ ದಿಡ್ಡಿ ಬಾಗಿಲು. ಅದನ್ನು ಮುಚ್ಚುವುದು ಒಂದು ಮಧ್ಯಾಹ್ನದ ಕೆಲಸ. ಮುಂದಿನ ಶುಕ್ರವಾರ ಸಂಜೆಯೊಳಗೆ ಮುಗಿಸಿದರೆ ಒಳಿತು.